ಹೊಸ ನೀರು ಬರುವ ಮುಂಚೆ

ಎಳ್ಳ ಅಮಾವಾಸ್ಯೆ ಮುಗಿದು ನಾಲ್ಕು ದಿನವಾಗಿತ್ತು. ಬೆಳಗಿನ ಏಳು ಗಂಟೆಗೆ ಕೃಷ್ಣೆಯ ಮೇಲೆ ಮಂಜು ಕೂತಿತ್ತು. ಆಚೆ ದಂಡೆಯ ಕಬ್ಬು ಕಾಣುತ್ತಿರಲಿಲ್ಲ. ನನ್ನ ಸೋದರಮಾವ ಮಫ್ಲರ್ ಸುತ್ತಿಕೊಂಡು ದಂಡೆಯ ಕಲ್ಲಿನ ಮೇಲೆ ಕೂತಿದ್ದ. ಗಾಳ ಇನ್ನೂ ಚೀಲದಲ್ಲೇ ಇತ್ತು. "ಮಾಮಾ, ಹಾಕೂದಿಲ್ಲೇನು?" ಎಂದೆ.

"ಥಂಡ್ಯಾಗ ಮೀನಾ ಬಾಯಿ ತೆರೀತಾವೇನೋ ಅಳಿಯಾ? ಅವೂ ನಮ್ಮಂಗ. ಬಿಸಲ ಬೀಳಲಿ, ಮಡುವಿನಿಂದ ಮ್ಯಾಲೆ ಬರತಾವು. ಈಗ ಬ್ಯಾರೆ ಅವಸರೇನೈತಿ ಅವಕ್ಕ? ಅವಸರ ಇರೂದು ಮಿರಗದಾಗ."

ಮಿರಗ ಎಂದರೆ ಮೃಗಶಿರಾ ಮಳೆ. ಮಾಮಾ ಹನ್ನೊಂದು ಗಂಟೆಯವರೆಗೆ ಬೀಡಿ ಸೇದುತ್ತ ಕೂತ. ನಾನು ಪಕ್ಕದಲ್ಲಿ ಕೂತು, ನಾಲ್ಕು ವರ್ಷದಿಂದ ಮುಗಿಯದ ನನ್ನ ಪಿಎಚ್‌ಡಿಯ ಒಂದು ಅಧ್ಯಾಯದ ಬಗ್ಗೆ ಯೋಚಿಸುತ್ತಿದ್ದೆ.

ನನ್ನ ವಿಷಯ ಮೀನಲ್ಲ. ಕೃಷ್ಣಾ ತೀರದ ದೋಣಿಗಟ್ಟೆಗಳು ಮತ್ತು ಅಂಬಿಗರ ಬದುಕು. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿಗಳ ನಡುವೆ ಸೇತುವೆ ಬರುವ ಮೊದಲು ಜನ ಹೊಳೆ ದಾಟಿದ್ದು ಹೇಗೆ, ದಾಟಿಸಿದವರು ಯಾರು, ಅವರಿಗೆ ಸಿಕ್ಕಿದ್ದೇನು ಎಂಬುದು. ಆದರೆ ದೋಣಿ ಹಾಕುವವನು ವರ್ಷವಿಡೀ ದೋಣಿ ಹಾಕುವುದಿಲ್ಲ. ಬೇಸಿಗೆಯಲ್ಲಿ ಹೊಳೆ ನಡೆದೇ ದಾಟುವಷ್ಟಾಗುತ್ತದೆ, ಆಗ ಅವನು ಬಲೆ ಹಿಡಿಯುತ್ತಾನೆ. ಹೀಗೆ ಮೀನು ಒಂದು ಅಡಿಟಿಪ್ಪಣಿಯಾಗಿ ನನ್ನ ಪ್ರಬಂಧದೊಳಗೆ ಬಂತು, ಬಂದದ್ದು ಹೊರಗೆ ಹೋಗಲಿಲ್ಲ.

ಮೀನಿನ ಬಗ್ಗೆ ನಮ್ಮ ಕಡೆಯ ಕನ್ನಡ ಆಕರಗಳಲ್ಲಿ ಹುಡುಕುವುದು ಕಷ್ಟ. ಕಾರಣ ದೂರ ಇಲ್ಲ. ನಮ್ಮ ಓಣಿಯಲ್ಲಿ ಜೈನರಿದ್ದಾರೆ, ಲಿಂಗಾಯತರಿದ್ದಾರೆ. ಮೀನು ಬೇಯಿಸುವುದು ಅವ್ವನಿಗೆ ಇವತ್ತಿಗೂ ಹಿತ್ತಿಲಿನ ಕೆಲಸ. ವೇದಗಂಗೆ ದೂಧಗಂಗೆಯನ್ನು ಕೂಡುವ ನಿಪ್ಪಾಣಿ ಸೀಮೆಯ ಭೋಜ ಗ್ರಾಮ ಆಚಾರ್ಯ ಶಾಂತಿಸಾಗರರ ಊರು. ಹೊಳೆಯ ದಂಡೆಯಲ್ಲೇ ಅಹಿಂಸೆಯ ಇಷ್ಟು ದೊಡ್ಡ ಪರಂಪರೆ ಇರುವಾಗ, ಬರೆಯಬಲ್ಲವರು ಮೀನು ಹಿಡಿಯುವುದರ ಬಗ್ಗೆ ಬರೆಯಲಿಲ್ಲ ಎಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಹಿಡಿಯಬಲ್ಲವರಿಗೆ ಬರೆಯಲು ಬರುತ್ತಿರಲಿಲ್ಲ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನನ್ನು ನಾವು ದೋಣಿಯವನೆಂದೇ ನೆನೆಯುತ್ತೇವೆ. ಬಲೆಯನ್ನು ಯಾರೂ ಅವನ ಕೈಗೆ ಕೊಡುವುದಿಲ್ಲ.

ನನಗೆ ದಾರಿ ತೋರಿಸಿದ್ದು ವಿಚಿತ್ರವಾದ ಓದು. ಒಂದು ರಾತ್ರಿ ಹಾಸ್ಟೆಲಿನಲ್ಲಿ ಅಮೆರಿಕದವರ ಗಾಳದ ಬರಹಗಳಿಗೆ ಸಿಕ್ಕಿಬಿದ್ದೆ. ಅವರಲ್ಲಿ ಲಾರ್ಜ್‌ಮೌತ್ ಬಾಸ್ ಎಂಬ ಮೀನಿದೆ. ಅಗಲ ಬಾಯಿ, ಹಸಿರು ಮೈ, ಕೆರೆ-ಸರೋವರಗಳಲ್ಲಿ ವಾಸ. ಅದನ್ನು ಹಿಡಿಯುವುದು ಅಲ್ಲಿ ಲಕ್ಷಾಂತರ ಜನರ ಹುಚ್ಚು. ಈ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಶಬ್ದ 'ಪ್ರೀಸ್ಪಾನ್', ಅಂದರೆ ಮೊಟ್ಟೆಯಿಡುವ ಮುಂಚಿನ ದಿನಗಳು. ಚಳಿಗಾಲದಲ್ಲಿ ಬಾಸ್ ಆಳಕ್ಕಿಳಿದು ಮಂಕಾಗಿ ಬಿದ್ದಿರುತ್ತದೆ. ನೀರು ಬೆಚ್ಚಗಾಗತೊಡಗಿದಂತೆ ಅದು ಮೆಲ್ಲಗೆ ದಂಡೆಯ ಕಡೆ ಸರಿಯುತ್ತದೆ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ನೀರಿನ ಬಿಸಿ ಹದಿನಾರು-ಹದಿನೆಂಟು ಡಿಗ್ರಿ ಮುಟ್ಟುವ ಹೊತ್ತಿಗೆ ಗಂಡು ತಳದಲ್ಲಿ ಗುಂಡಿ ತೋಡಿ ಗೂಡು ಮಾಡುತ್ತದೆ, ಹೆಣ್ಣು ಮೊಟ್ಟೆಯಿಟ್ಟು ಹೋಗುತ್ತದೆ, ಗಂಡು ಕಾವಲು ಕೂರುತ್ತದೆ. ಗಾಳದವನಿಗೆ ಬೇಕಾದದ್ದು ಅದಕ್ಕೂ ಮುಂಚಿನ ಕೆಲವು ವಾರ. ವರ್ಷದಲ್ಲೇ ಅತಿ ತೂಕದ ಮೀನು ಆಗ ಸಿಗುತ್ತದೆ, ಯಾಕೆಂದರೆ ಹೆಣ್ಣಿನ ಹೊಟ್ಟೆ ತುಂಬಿರುತ್ತದೆ. ಅವರು ಥರ್ಮಾಮೀಟರ್ ಇಟ್ಟುಕೊಂಡು ಕಾಯುತ್ತಾರೆ.

ಓದುತ್ತ ಓದುತ್ತ ನನಗೆ ಮಾಮಾನ ಮಿರಗ ನೆನಪಾಯಿತು. ಅಲ್ಲಿ ಗಡಿಯಾರ ಬಿಸಿಲು. ಇಲ್ಲಿ ಗಡಿಯಾರ ಹೊಸ ನೀರು.

ನಮ್ಮ ಹೊಳೆಯ ಗೆಂಡೆ ಜಾತಿಯ ಮೀನುಗಳು ಬೇಸಿಗೆಯಲ್ಲೇ ಮೊಟ್ಟೆ ಕಟ್ಟುತ್ತವೆ. ನಮ್ಮವರ ಮಾತಿನಲ್ಲಿ ತತ್ತಿ. ಚೈತ್ರ, ವೈಶಾಖ ಕಳೆಯುವಷ್ಟರಲ್ಲಿ ಹೊಟ್ಟೆ ಉಬ್ಬಿರುತ್ತದೆ. ಆದರೆ ಮೊಟ್ಟೆ ಇಡುವುದಿಲ್ಲ. ಕಾಯುತ್ತವೆ. ಮಳೆ ಬಿದ್ದು, ಕೆಂಪು ನೀರು ಹರಿದು, ಹೊಳೆ ದಂಡೆ ಮೀರಿ ಹಳ್ಳಗಳಿಗೆ, ಹೊಲಗಳಿಗೆ ಹಿಮ್ಮುಖವಾಗಿ ನುಗ್ಗಿದಾಗ ಮಾತ್ರ ಪ್ರವಾಹಕ್ಕೆ ಎದುರಾಗಿ ಏರುತ್ತವೆ. ಆ ತೆಳು ನೀರಿನಲ್ಲಿ ಮೊಟ್ಟೆ ಬಿಡುತ್ತವೆ. ಮಳೆ ತಡವಾದರೆ ಕಾಯುವುದೂ ತಡವಾಗುತ್ತದೆ. ಮಳೆ ಬಾರದಿದ್ದರೆ ಮೊಟ್ಟೆ ಹೊಟ್ಟೆಯಲ್ಲೇ ಕರಗುತ್ತದೆ. ಬಾಸ್‌ನಂತೆ ಗೂಡು ಕಟ್ಟಿ ಕಾವಲಿರುವ ಮೀನೂ ನಮ್ಮಲ್ಲಿದೆ. ಹಾವಿನ ತಲೆಯಂಥ ತಲೆಯ ಮರಳ ಮೀನು ಜೊಂಡಿನ ನಡುವೆ ಗೂಡು ಮಾಡಿ ಮರಿಗಳ ಗುಂಪನ್ನು ಕಾಯುತ್ತದೆ. ಆದರೆ ಅದು ಹೊಳೆಗಿಂತ ಹೆಚ್ಚಾಗಿ ನಿಂತ ನೀರಿನ ಜೀವಿ.

ರೋಹಿಣಿ ಮೇ ಕೊನೆಯ ವಾರ, ಮೃಗಶಿರಾ ಜೂನ್ 7-8ಕ್ಕೆ, ಆರಿದ್ರಾ 22ರ ಸುಮಾರಿಗೆ. ರೈತನ ಬಿತ್ತನೆಯ ಪಂಚಾಂಗವೇ ಮೀನಿನ ಪಂಚಾಂಗವೂ ಹೌದು. ಇದೇ ಕೃಷ್ಣೆಯ ಕೆಳಗಣ ನಾಡಾದ ತೆಲಂಗಾಣದಲ್ಲಿ ಮೃಗಶಿರಾ ಹೊಕ್ಕ ದಿನ ಮೀನು ತಿನ್ನಲೇಬೇಕೆಂಬ ರೂಢಿ ಇದೆ. ಹೈದರಾಬಾದಿನ ಮೀನುಪೇಟೆಯಲ್ಲಿ ಅವತ್ತು ಕಾಲಿಡಲು ಜಾಗವಿರುವುದಿಲ್ಲ. ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಾರೆ. ನನಗನಿಸುವಂತೆ, ಮೀನು ವರ್ಷದಲ್ಲೇ ಅತ್ಯಂತ ರುಚಿಯಾಗಿ, ಅತ್ಯಂತ ಸುಲಭವಾಗಿ ಸಿಗುವ ದಿನಕ್ಕೆ ಹಬ್ಬ ಸೇರಿಕೊಂಡಿದೆ. ಬಾಸ್ ಹಿಡಿಯುವ ಅಮೆರಿಕದವನೂ ಇದೇ ಲೆಕ್ಕ ಹಾಕುತ್ತಾನೆ.

ಈ ಲೆಕ್ಕವನ್ನು ಬರೆದಿಟ್ಟವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತ ಹೋದಾಗ ಸಿಕ್ಕವನು ಒಬ್ಬ ರಾಜ.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ. ವಿಕ್ರಮಾದಿತ್ಯನ ಮಗ. ಅಪ್ಪನಷ್ಟು ಯುದ್ಧ ಮಾಡಲಿಲ್ಲ, ಬದಲಿಗೆ 'ಮಾನಸೋಲ್ಲಾಸ' ಬರೆದ (ಅಥವಾ ಬರೆಸಿದ, ರಾಜರ ಪುಸ್ತಕಗಳ ವಿಷಯದಲ್ಲಿ ಈ ಎರಡರ ವ್ಯತ್ಯಾಸ ಕೇಳಬಾರದು). 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ರಾಜ್ಯ ಗಳಿಸುವುದರಿಂದ ಹಿಡಿದು ಅಡುಗೆ, ಆನೆ, ರತ್ನ, ಚಿತ್ರ, ಸಂಗೀತ, ಕೋಳಿ ಕಾಳಗದವರೆಗೆ ನೂರು ಅಧ್ಯಾಯ. ವಿನೋದಗಳ ಭಾಗದಲ್ಲಿ ಒಂದು ಅಧ್ಯಾಯದ ಹೆಸರು 'ಮತ್ಸ್ಯವಿನೋದ'. ಗಾಳ ಹಾಕಿ ಮೀನು ಹಿಡಿಯುವ ಆಟ.

ಆ ಕಾಲಕ್ಕೆ ನಮ್ಮ ಈ ಸೀಮೆ ಚಾಲುಕ್ಯರ ಸಾಮಂತರಾದ ರಟ್ಟರ ಮತ್ತು ಶಿಲಾಹಾರರ ಕೈಯಲ್ಲಿತ್ತು. ರಾಯಬಾಗವನ್ನು ಶಾಸನಗಳು ಹೂವಿನಬಾಗೆ ಎನ್ನುತ್ತವೆ. ಅಂದರೆ ಸೋಮೇಶ್ವರ ಬರೆದ ಹೊಳೆಗಳಲ್ಲಿ ನಮ್ಮದೂ ಸೇರಿರಬಹುದು ಎಂದುಕೊಳ್ಳಲು ನನಗೆ ಇಷ್ಟ. ಇಷ್ಟ ಅಷ್ಟೇ, ಪುರಾವೆಯಲ್ಲ. ಪಠ್ಯ ಸಂಸ್ಕೃತದಲ್ಲಿದೆ. ಅದರಲ್ಲಿ ಬರುವ ದೇಶಭಾಷೆಯ ಹಾಡುಗಳಿಂದಾಗಿ ಮರಾಠಿಯ ಚರಿತ್ರೆಕಾರರೂ ಈ ಗ್ರಂಥವನ್ನು ತಮ್ಮದೆಂದು ಎತ್ತಿಕೊಳ್ಳುತ್ತಾರೆ, ನಾವೂ ಬಿಡುವುದಿಲ್ಲ. ನಿಪ್ಪಾಣಿಯ ಚಹಾದಂಗಡಿಯಲ್ಲಿ ನಾನು ಈ ಜಗಳವನ್ನು ಒಮ್ಮೆ ಮಾಡಿದ್ದೇನೆ. ಚಹಾ ಆರಿತು, ಜಗಳ ಆರಲಿಲ್ಲ.

ಮತ್ಸ್ಯವಿನೋದದಲ್ಲಿ ಮೊದಲು ಮೀನುಗಳ ಪಟ್ಟಿ. ಸಮುದ್ರದವು, ಹೊಳೆಯವು, ಚಿಪ್ಪು ಇರುವವು, ಬರೀ ಚರ್ಮದವು, ದೊಡ್ಡವು, ನಡುವಿನವು, ಸಣ್ಣವು. ರೋಹಿತ, ಪಾಠೀನಗಳಂಥ ಸಂಸ್ಕೃತದ ಹಳೆಯ ಹೆಸರುಗಳ ಜೊತೆಗೆ ಯಾವ ಸಂಸ್ಕೃತ ಕೋಶದಲ್ಲೂ ಸಿಗದ, ಅಂಬಿಗರ ಬಾಯಿಂದ ನೇರ ಎತ್ತಿಕೊಂಡಂತೆ ಕೇಳುವ ಹೆಸರುಗಳೂ ಇವೆ. ಆಮೇಲೆ ಯಾವ ಮೀನಿಗೆ ಯಾವ ತಿನಿಸು ಎಂಬ ವಿವರ: ಎಳ್ಳಿನದು, ಹಿಟ್ಟು ಅನ್ನ ಕಲಸಿದ ಉಂಡೆ, ಮಾಂಸದ ತುಂಡು. ಆಮೇಲೆ ದಾರ ಹೊಸೆಯುವುದು, ಕೋಲು, ಕೊಕ್ಕೆ. ಕೊನೆಗೆ ಕಚ್ಚಿದ ಮೀನನ್ನು ದಾರ ಸಡಿಲಿಸಿ ಎಳೆದು ದಣಿಸಿ ದಂಡೆಗೆ ತರುವ ಕುಶಲತೆ. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ಸೋಮೇಶ್ವರ ಅದಕ್ಕಿಂತ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಿನವನು. 1950ರ ದಶಕದ ಆರಂಭದಲ್ಲಿ ಮೀನುವಿಜ್ಞಾನಿ ಸುಂದರಲಾಲ್ ಹೋರಾ ಈ ಅಧ್ಯಾಯವನ್ನು ವಿಜ್ಞಾನದ ಕಣ್ಣಿನಿಂದ ಓದಿ, ಹೆಸರುಗಳನ್ನು ಈಗಿನ ಮೀನುಗಳಿಗೆ ಹೊಂದಿಸಲು ಪ್ರಯತ್ನಿಸಿದ ಮೇಲೆ ಲೋಕಕ್ಕೆ ಇದರ ಬೆಲೆ ಗೊತ್ತಾಯಿತು.

ನನ್ನನ್ನು ತಡೆದು ನಿಲ್ಲಿಸಿದ್ದು ತಿನಿಸಿನ ಭಾಗ. ರಾಜ ಗಾಳ ಹಾಕುವ ಜಾಗದಲ್ಲಿ ಮೊದಲೇ ಮೀನಿಗೆ ತಿನಿಸು ಹಾಕಿ ಹಾಕಿ ರೂಢಿ ಮಾಡಿಸಬೇಕು. ಮೀನು ಆ ಜಾಗಕ್ಕೆ ಒಗ್ಗಿಕೊಂಡ ಮೇಲೆ ರಾಜನ ಕೋಲು ಬರುತ್ತದೆ. ಇದನ್ನು ಮಾಮಾನಿಗೆ ಓದಿ ಹೇಳಿದಾಗ ಅವನು ನಕ್ಕ.

"ರಾಜಾಗ ಪುರಸೊತ್ತ ಯಾವಾಗ ಸಿಗತೈತೋ ಆವಾಗ ಮೀನಾ ಬರಬೇಕಲ್ಲಪಾ, ಅದಕ್ಕ ಊಟಾ ಹಾಕ್ಯಾನ. ನಮಗ ಮೀನಾ ಯಾವಾಗ ಬರತೈತೋ ಆವಾಗ ಪುರಸೊತ್ತ."

ಆ ಮಾತನ್ನು ನಾನು ಡೈರಿಯಲ್ಲಿ ಬರೆದುಕೊಂಡೆ. ದಿನಾ ಅಷ್ಟು ಉಂಡೆ ಕಟ್ಟಿ ನೀರಿಗೆ ಹಾಕುತ್ತಿದ್ದವರು, ಯಾವ ಮೀನು ಯಾವುದನ್ನು ಮುಟ್ಟುತ್ತದೆಂದು ರಾಜನಿಗೆ ಹೇಳಿದವರು, ದಾರ ಹೊಸೆದವರು ಯಾರೋ ಇದ್ದರಲ್ಲ. ಅಧ್ಯಾಯದ ತುಂಬ ಅವರ ತಿಳಿವಳಿಕೆಯಿದೆ. ಅವರ ಹೆಸರಿಲ್ಲ.

ಇಲ್ಲಿಂದ ಏಳುನೂರು ವರ್ಷ ಜಿಗಿಯಬೇಕು, ನಡುವೆ ನನ್ನ ಬಳಿ ಹೇಳುವಂಥದ್ದೇನೂ ಇಲ್ಲ. ಪೇಶ್ವೆಗಳು ಹೋಗಿ ಕಂಪನಿ ಸರಕಾರ ಬಂದ ಮೇಲೆ, ಮುಂಬಯಿ ಸೈನ್ಯದ ಅಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ ದಖ್ಖನಿನ ಅಂಕಿಅಂಶ ಬರೆಯಲು ನೇಮಕವಾದ. ಜನಸಂಖ್ಯೆ, ಬೆಳೆ, ತೂಕ-ಅಳತೆಗಳ ಜೊತೆಗೆ ಅವನು ಮೀನುಗಳನ್ನೂ ಬರೆದ. 1839ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಅವನ ದಖ್ಖನಿನ ಮೀನುಗಳು ಅಚ್ಚಾದವು. ಸೈಕ್ಸ್ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ, ಹಲವು ಮೀನುಗಳಿಗೆ ಜನ ಕರೆಯುತ್ತಿದ್ದ ಹೆಸರನ್ನೇ ವಿಜ್ಞಾನದ ಹೆಸರಾಗಿ ಉಳಿಸಿದ್ದು: ಖುದ್ರಿ, ನುಕ್ತಾ, ಬೊಗ್ಗುಟ್, ಸೀಂಗಾಲಾ, ಪೊಟೇಲ್. ಕೊನೆಯದನ್ನು ಕೇಳಿದರೆ ನನಗೆ ನಮ್ಮ ಕಡೆಯ ಪಾಟೀಲರೇ ನೆನಪಾಗುತ್ತಾರೆ. ನಮ್ಮಲ್ಲಿ ಹೊಳೆಯಲ್ಲೂ ಒಬ್ಬ ಪಾಟೀಲ ಇರಲೇಬೇಕಲ್ಲ! ಖುದ್ರಿ ಸಿಕ್ಕಿದ್ದು ಪುಣೆಯ ಹತ್ತಿರದ ಮುಳಾ-ಮುಠಾ ಹೊಳೆಯಲ್ಲಿ. ಆ ಹೊಳೆ ಭೀಮೆಗೆ, ಭೀಮೆ ಕೃಷ್ಣೆಗೆ. ಇಂಗ್ಲಿಷಿನವರು ಮಹಶೀರ್ ಎಂದು ಹುಚ್ಚರಾದ ಜಾತಿಯ ಮೀನು ಅದು. ಈ ಖುದ್ರಿಯನ್ನು ನೆನಪಿಡಿ, ಮತ್ತೆ ಬರುತ್ತದೆ.

ಸೈಕ್ಸ್‌ನಿಂದ ನನಗೆ ಹೆಸರು ಸಿಕ್ಕಿತು, ಹೊತ್ತು ಸಿಗಲಿಲ್ಲ. ಹೊತ್ತಿನ ಬಗ್ಗೆ ಸರಕಾರ ತಲೆಕೆಡಿಸಿಕೊಂಡದ್ದು ಅಣೆಕಟ್ಟುಗಳಿಂದಾಗಿ. ಗೋದಾವರಿಗೆ ಅಣೆಕಟ್ಟು ಕಟ್ಟಿಸಿದ ಆರ್ಥರ್ ಕಾಟನ್‌ನೇ 1860ರ ದಶಕದ ಕೊನೆಯಲ್ಲಿ, ಇವು ಏರುವ ಮೀನಿಗೆ ಅಡ್ಡವಾಗುತ್ತಿವೆಯೇ ನೋಡಿ ಎಂದು ಸರಕಾರದ ಗಮನ ಸೆಳೆದ. ವಿಚಾರಣೆ ಬಿದ್ದದ್ದು ಸೈನ್ಯದ ವೈದ್ಯ ಫ್ರಾನ್ಸಿಸ್ ಡೇ ಮೇಲೆ. ಅವನು ಮುಂದೆ ಭಾರತದ ಮೀನುಗಾರಿಕೆಯ ಇನ್ಸ್‌ಪೆಕ್ಟರ್ ಜನರಲ್ ಆದ. 1873ರ ಅವನ ವರದಿ ಜಿಲ್ಲೆಜಿಲ್ಲೆಯ ಅಧಿಕಾರಿಗಳಿಗೆ ಪ್ರಶ್ನೆ ಕಳಿಸಿ ತರಿಸಿದ ಉತ್ತರಗಳ ರಾಶಿ. ಮೊಟ್ಟೆಯಿಡಲು ಏರುವ ಮೀನನ್ನು ಹಳ್ಳ-ಗದ್ದೆಗಳ ಬಾಯಿಗೆ ಬುಟ್ಟಿ ಕಟ್ಟಿ ಹಿಡಿಯುತ್ತಾರೆ, ಮರಿಗಳನ್ನು ಸಣ್ಣ ಕಣ್ಣಿನ ಬಲೆಯಿಂದ ಬಳಿಯುತ್ತಾರೆ, ನೀರಿಗೆ ವಿಷ ಹಾಕುತ್ತಾರೆ ಎಂಬ ದೂರು ಅದರಲ್ಲಿ ಮತ್ತೆ ಮತ್ತೆ.

ಅದೇ 1873ರಲ್ಲಿ ಗಾಳದ ಬಗ್ಗೆ ಇಂಗ್ಲಿಷರ ಒಂದು ಪ್ರಸಿದ್ಧ ಪುಸ್ತಕ 'ದಿ ರಾಡ್ ಇನ್ ಇಂಡಿಯಾ' ಹೊರಬಂತು. ಅದು ಅಚ್ಚಾದದ್ದು ಲಂಡನ್ನಿನಲ್ಲಲ್ಲ, ನಮ್ಮ ಮಂಗಳೂರಿನಲ್ಲಿ, ಬಾಸೆಲ್ ಮಿಶನ್ನಿನವರಿಂದ. ಬರೆದವನು ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್. ಕನ್ನಡದ ಅದೆಷ್ಟೋ ಹಳೆಯ ಪುಸ್ತಕಗಳಿಗೆ ಮೊಳೆ ಜೋಡಿಸಿದ ಮಿಶನ್ನು ಮಹಶೀರ್ ಹಿಡಿಯುವ ವಿದ್ಯೆಗೂ ಬಾಗಿಲು ತೆರೆಯಿತು ಎಂಬುದು ನನಗೆ ಬಹಳ ಖುಷಿ ಕೊಟ್ಟ ಸಂಗತಿ. ಥಾಮಸ್ ಬರೀ ಶೋಕಿಗಾರನಲ್ಲ. ಮೀನು ಬಡವರ ಊಟ, ಅದರ ಸಂತಾನ ಉಳಿಯಬೇಕು ಎಂದು ವಾದಿಸಿದವನು. ತನ್ನ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ಮೊದಲೇ ವರದಿ ಬರೆದಿದ್ದ. ಆದರೂ ಅವನ ಪುಟಗಳಲ್ಲಿ ಗಾಳ ಹಿಡಿದ ಸಾಹೇಬ ಮೀನಿನ ಮಿತ್ರ, ಬುಟ್ಟಿ ಹಿಡಿದ ಹಳ್ಳಿಯವನು ಮೀನಿನ ಶತ್ರು. ಇಂಥ ವರದಿಗಳ, ವಾದಗಳ ಕೊನೆಗೆ 1897ರ ಭಾರತೀಯ ಮೀನುಗಾರಿಕೆ ಕಾಯಿದೆ ಬಂತು. ಸಿಡಿಮದ್ದು, ವಿಷ ಹಾಕುವುದು ಅಪರಾಧವಾಯಿತು. ಬಲೆಯ ಕಣ್ಣಿನ ಅಳತೆಯ ಬಗ್ಗೆ ನಿಯಮ ಮಾಡುವ ಅಧಿಕಾರ ಪ್ರಾಂತಗಳಿಗೆ ಸಿಕ್ಕಿತು.

ನನ್ನ ಅಧ್ಯಾಯದ ಮೊದಲ ಕರಡು ಇಲ್ಲಿಗೆ ಬಂದಾಗ ನಾನು ಎಲ್ಲರೂ ಮಾಡುವ ಕೆಲಸ ಮಾಡಿದೆ. ವಸಾಹತು ಸರಕಾರ ಅಂಬಿಗರ ಮೇಲೆ ತಪ್ಪು ಹೊರಿಸಿತು, ನಿಜವಾಗಿ ಅಂಬಿಗರೇ ಹೊಳೆಯ ರಕ್ಷಕರು, ಅವರಿಗೆ ಮೀನಿನ ಹೊತ್ತು ಗೊತ್ತಿತ್ತು, ಆ ಹೊತ್ತಿನಲ್ಲಿ ಅವರು ಮೀನನ್ನು ಬಿಡುತ್ತಿದ್ದರು ಎಂದು ಬರೆದೆ. ಓದಲು ಚೆನ್ನಾಗಿತ್ತು. ಗೈಡ್ ಮೇಡಂ ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆದು, "ಬಿಡುತ್ತಿದ್ದರು ಅಂತ ಯಾರು ಹೇಳಿದ್ರು?" ಎಂದು ಬರೆದು ಕಳಿಸಿದರು.

ಯಾರೂ ಹೇಳಿರಲಿಲ್ಲ. ಅಷ್ಟೇ ಅಲ್ಲ, ಅದು ಸುಳ್ಳೆಂದು ನನಗೆ ಗೊತ್ತಿತ್ತು.

ನನಗಾಗ ಒಂಬತ್ತು ವರ್ಷ. ಮಿರಗ ಹೊಡೆದ ಮೂರನೆಯ ದಿನ ರಾತ್ರಿ ಮಾಮಾ ನನ್ನನ್ನು ಎಬ್ಬಿಸಿ ಹಳ್ಳಕ್ಕೆ ಕರೆದೊಯ್ದ. ಕಂದೀಲು, ಗೋಣಿಚೀಲ, ಒಂದು ಹಳೆಯ ಸೊಳ್ಳೆಪರದೆ. ಹೊಳೆಯ ನೀರು ಹಳ್ಳದೊಳಗೆ ತಿರುಗಿ ನುಗ್ಗಿತ್ತು, ಮೇಲಿನಿಂದ ಹೊಲದ ಕೆಂಪು ನೀರು ಇಳಿಯುತ್ತಿತ್ತು, ಎರಡೂ ಕೂಡುವ ಮೊಣಕಾಲುದ್ದದ ನೀರಿನಲ್ಲಿ ಮೀನುಗಳು ಒಂದರ ಮೈಗೊಂದು ಉಜ್ಜುತ್ತ ಏರುತ್ತಿದ್ದವು. ಓಡಿಹೋಗುವ ಖಬರೇ ಅವಕ್ಕಿರಲಿಲ್ಲ. ನಾನು ಬರಿಗೈಯಲ್ಲಿ ಹಿಡಿದೆ. ಕೈಯಲ್ಲಿ ಒತ್ತಿದರೆ ಸಾಕು, ಸಾಸಿವೆಯಂಥ ಮೊಟ್ಟೆ ಹರಿದು ಬೆರಳ ಸಂದಿಯಿಂದ ಸೋರುತ್ತಿತ್ತು. ಎರಡು ಚೀಲ ತುಂಬಿತು. ಮರುದಿನ ಅವ್ವ ತತ್ತಿಯನ್ನು ಬೇರೆ ತೆಗೆದು, ಖಾರ ಹಚ್ಚಿ, ಎಣ್ಣೆಯಲ್ಲಿ ಕರಿದಳು. ಅಂಥ ರುಚಿಯನ್ನು ನಾನು ಆಮೇಲೆ ತಿಂದಿಲ್ಲ. ಡೇ ವರದಿಯಲ್ಲಿ ಯಾರೋ ತಹಶೀಲ್ದಾರ ಬರೆದ ಸಾಲಿನಲ್ಲಿ ಇರುವವನು ನಾನೇ, ಆ ಗೋಣಿಚೀಲ ಹಿಡಿದ ಹುಡುಗ.

ಮಾಮಾನನ್ನು ಕೇಳಿದೆ, ಅದು ತಪ್ಪು ಅನಿಸಿರಲಿಲ್ಲವೇ ಎಂದು. ಅವನು ಸಿಟ್ಟಾಗಲಿಲ್ಲ.

"ಅನಸತಿತ್ತು. ಬೀಜದ ಜ್ವಾಳಾ ಬೀಸಿ ತಿಂದಂಗ ಅಂತ ನಮ್ಮಪ್ಪ ಅಂತಿದ್ದ. ಅಂದೂ ತಿಂತಿದ್ದ. ಆವಾಗ ಹೊಳಿ ತುಂಬ ಇದ್ದೂ ತಮ್ಮಾ, ನಾಕು ಮಂದಿ ಎರಡ ಚೀಲ ಹಿಡದರ ಹೊಳಿಗೇನು ಗೊತ್ತಾಗತಿತ್ತು? ಉಳದಾವ ಮ್ಯಾಲೆ ಹೋಗತಿದ್ದೂ. ಈಗ ಮ್ಯಾಲೆ ಹೋಗಾಕ ದಾರಿ ಎಲ್ಲೈತಿ?"

ಇದನ್ನು ನಾನು ಅಧ್ಯಾಯದಲ್ಲಿ ಹಾಗೇ ಹಾಕಿದ್ದೇನೆ. ತಪ್ಪು ಗೊತ್ತಿದ್ದೂ ತಿನ್ನುವುದು, ತಿಂದರೂ ಮುಗಿಯದಷ್ಟು ಇರುವುದು. ಈ ಎರಡನ್ನೂ ಒಟ್ಟಿಗೆ ಹೇಳದೆ ಈ ಚರಿತ್ರೆ ಬರೆಯಲಾಗದು ಎಂದು ಈಗ ನನಗನಿಸುತ್ತದೆ. ಸಾಹೇಬರು ಮೊದಲನೆಯದನ್ನು ಮಾತ್ರ ಬರೆದರು. ನಾನು ಎರಡನ್ನೂ ಬಿಟ್ಟು ಮೂರನೆಯದೊಂದನ್ನು ಕಟ್ಟಿಕೊಂಡಿದ್ದೆ.

ಮೊಟ್ಟೆಯಿಡಲು ಹೊಳೆಯೇ ಬೇಕು, ಹೊಸ ನೀರೇ ಬೇಕು ಎಂಬ ಕಟ್ಟನ್ನು ಮನುಷ್ಯ ಬಿಡಿಸಿದ್ದು ಸ್ವಾತಂತ್ರ್ಯದ ನಂತರ. ಅಲ್ಲಿಯವರೆಗೆ ಕೆರೆಗೆ ಮೀನುಮರಿ ಬಿಡಬೇಕೆಂದರೆ ಪ್ರವಾಹದ ಹೊಳೆಯಿಂದಲೇ ಬಳಿದು ತರಬೇಕಿತ್ತು, ಯಾಕೆಂದರೆ ರೋಹು, ಕಾಟ್ಲಾಗಳು ನಿಂತ ಕೆರೆಯಲ್ಲಿ ಮೊಟ್ಟೆ ಕಟ್ಟಿಯೂ ಇಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ, ಬೇರೆ ಮೀನಿನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ಸೂಜಿಯಿಂದ ಚುಚ್ಚಿ ಸಾಕಿದ ಮೀನಿನಿಂದ ಮೊಟ್ಟೆ ಇಡಿಸಿದರು. ಆ ದಿನವನ್ನು ಈಗ ದೇಶ ಮೀನುಕೃಷಿಕರ ದಿನವೆಂದು ಆಚರಿಸುತ್ತದೆ. ಮೃಗಶಿರಾ ಮಳೆ ಮೀನಿನ ಮೈಗೆ ಹೇಳುತ್ತಿದ್ದ ಮಾತನ್ನು ಒಂದು ಸೂಜಿ ಹೇಳಿತು. ಅಥಣಿಯ ಸಂತೆಯಲ್ಲಿ ಇವತ್ತು ಬರ್ಫದ ಮೇಲೆ ಮಲಗಿರುವ ಕಾಟ್ಲಾಗಳ ವಂಶ ಹೆಚ್ಚಾಗಿ ಆ ಸೂಜಿಯದು. ಇದರಿಂದ ಎಷ್ಟು ಹೊಟ್ಟೆ ತುಂಬಿದೆ ಎಂದು ಯೋಚಿಸಿದರೆ ಅದರ ಬಗ್ಗೆ ಹಗುರವಾಗಿ ಮಾತಾಡಲು ಮನಸ್ಸಾಗುವುದಿಲ್ಲ.

ಖುದ್ರಿಗೆ ಬರುತ್ತೇನೆ. ಲೋಣಾವಳದಲ್ಲಿ, ಅದೇ ಕೃಷ್ಣಾ ಕಣಿವೆಯ ಮೇಲಿನ ತುದಿಯಲ್ಲಿ, ಟಾಟಾ ವಿದ್ಯುತ್ ಕಂಪನಿಯವರು 1970ರ ದಶಕದಿಂದ ಈ ಮಹಶೀರನ್ನು ಮರಿ ಮಾಡಿಸಿದರು. ಕಡಿಮೆಯಾಗುತ್ತಿದ್ದ ಮೀನು ಲಕ್ಷಗಟ್ಟಲೆ ಮರಿಗಳಾಗಿ ದೇಶದ ಹಲವು ಹೊಳೆಗಳಿಗೆ ಹೋಯಿತು, ಕಾವೇರಿಗೂ ಹೋಯಿತು. ಕಾವೇರಿಯಲ್ಲಿ ತನ್ನದೇ ಆದ ಗೂನುಬೆನ್ನಿನ ಮಹಶೀರ್ ಇತ್ತು. ಥಾಮಸ್‌ನ ಕಾಲದಿಂದ ಲೋಕದ ಗಾಳದವರೆಲ್ಲ ಕನಸು ಕಂಡ ದೈತ್ಯ ಅದು. ಖುದ್ರಿ ಬಂದ ಮೇಲೆ ಗೂನುಬೆನ್ನಿನದು ಕಡಿಮೆಯಾಗುತ್ತ ಹೋಯಿತೆಂದು ಸಂಶೋಧಕರು ಗಾಳದವರ ಹಳೆಯ ಲೆಕ್ಕದ ಪುಸ್ತಕಗಳಿಂದಲೇ ತೋರಿಸಿದ್ದಾರೆ. 2018ರಲ್ಲಿ ಅದು ಅಳಿವಿನ ಅತ್ಯಂತ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ನ್ಯಾಯವಾಗಿ ಹೇಳಬೇಕೆಂದರೆ ಲಾರ್ಜ್‌ಮೌತ್ ಬಾಸ್‌ನ ಕಥೆಯೂ ಇದೇ: 1925ರಲ್ಲಿ ಜಪಾನಿನ ಅಶಿ ಸರೋವರಕ್ಕೆ ಆಸೆಪಟ್ಟು ತಂದರು, 2005ರಲ್ಲಿ ಅದೇ ಮೀನನ್ನು ಹಾನಿಕಾರಕ ಪರದೇಶಿ ಎಂದು ಕಾಯಿದೆ ಮಾಡಿ ತಡೆಯಬೇಕಾಯಿತು. ನಮ್ಮ ಹೊಳೆಯ ಮೀನು ಇನ್ನೊಂದು ಹೊಳೆಯಲ್ಲಿ ಬಾಸ್ ಆಗಿದೆ. ನಮ್ಮ ಹೊಳೆಯಲ್ಲಿ, ಕಾಗವಾಡದಿಂದ ಅಥಣಿಯ ತನಕ, ಮಾಮಾ ಖುದ್ರಿಯನ್ನು ಕಂಡು ಇಪ್ಪತ್ತು ವರ್ಷದ ಮೇಲಾಯಿತಂತೆ.

ದಾರಿ ಎಲ್ಲೈತಿ ಎಂದು ಅವನು ಕೇಳಿದ್ದಕ್ಕೆ ನಕ್ಷೆ ಹರಡಿದರೆ ಸಾಕು. ಕೆಳಗೆ ಆಲಮಟ್ಟಿ, ಅದರ ಮೇಲೆ ಹಿಪ್ಪರಗಿ ಬ್ಯಾರೇಜು, ಮೇಲೆ ಗಡಿಯಾಚೆ ರಾಜಾಪುರದ ಬಾಂದಾರ, ಇನ್ನೂ ಮೇಲೆ ಕೊಯ್ನಾ, ದೂಧಗಂಗೆಗೆ ಕಾಳಮ್ಮವಾಡಿ. ನಡುವೆ ಕಲ್ಲೋಳ-ಯಡೂರಿನಂಥ ಬಾಂದಾರಗಳು. ಕೊಲ್ಹಾಪುರ ಮಾದರಿಯ ಬಾಂದಾರಗಳಲ್ಲಿ ಮಳೆಗಾಲಕ್ಕೆ ಹಲಗೆ ತೆಗೆಯುತ್ತಾರೆ, ಮಳೆ ಹೋದ ಮೇಲೆ ಹಾಕುತ್ತಾರೆ, ಹಾಗಾಗಿ ಅವು ಅಷ್ಟು ಕ್ರೂರವಲ್ಲ. ಆದರೆ ಈಗ ಹೊಸ ನೀರು ಬರುವುದು ಮೋಡದಿಂದ ಅಷ್ಟೇ ಅಲ್ಲ, ಎರಡು ರಾಜ್ಯಗಳ ನಡುವಿನ ಪತ್ರದಿಂದಲೂ ಬರುತ್ತದೆ. 2019ರ ಮೇ ತಿಂಗಳಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿಯ ಕಡೆ ಹೊಳೆ ಬತ್ತಿ, ಕೊಯ್ನಾದಿಂದ ನೀರು ಬಿಡಿ ಎಂದು ಕರ್ನಾಟಕ ಕೇಳುತ್ತಿತ್ತು. ಆಗ ನಾನು ಎಂಎ ಮುಗಿಸಿ ಊರಲ್ಲಿದ್ದೆ. ಮಡುವಿನ ತಳದಲ್ಲಿ ಉಳಿದ ಹಸಿರು ನೀರಿನಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು, ಉಬ್ಬಿದ ಹೊಟ್ಟೆ. ಮೂರು ತಿಂಗಳಲ್ಲಿ, ಆಗಸ್ಟಿನಲ್ಲಿ, ಅದೇ ಹೊಳೆ ನಮ್ಮ ಮನೆಯೊಳಗೆ ಬಂತು. ಆರು ದಿನ ಶಾಲೆಯಲ್ಲಿದ್ದೆವು. ಮಾಮಾನ ಬಲೆಗಳೆಲ್ಲ ಹೋದವು. ನೀರು ಇಳಿದ ಮೇಲೆ ಅಡುಗೆಮನೆಯ ಕೆಸರಿನಲ್ಲಿ ಅವ್ವನಿಗೆ ಒಂದು ಬಾಳೆ ಮೀನು ಸಿಕ್ಕಿತು, ಮೊಳದುದ್ದ, ಇನ್ನೂ ಜೀವ ಇತ್ತು. ಅವಳು ಅದನ್ನು ಬೇಯಿಸಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಹೊಳೆಗೆ ಬಿಟ್ಟು ಬಂದಳು. ಯಾಕೆಂದು ನಾನು ಕೇಳಲಿಲ್ಲ.

ಮೊನ್ನೆ ಹೋಳಿ ಹುಣ್ಣಿಮೆಗೆ ಮತ್ತೆ ಊರಿಗೆ ಹೋಗಿದ್ದೆ. ಬಿಸಿಲು ಏರಿತ್ತು. ಬಾಂದಾರದ ಹಿನ್ನೀರಿನಲ್ಲಿ ಮಾಮಾನ ಗಾಳಕ್ಕೆ ಒಂದರ ಹಿಂದೊಂದು ಚಿಲಾಪಿ ಬೀಳುತ್ತಿದ್ದವು. ಪುಸ್ತಕದಲ್ಲಿ ತಿಲಾಪಿಯಾ, ಆಫ್ರಿಕದ ಮೀನು, 1952ರಲ್ಲಿ ಭಾರತಕ್ಕೆ ತಂದದ್ದು. ಅಂಗೈ ಅಗಲದ ಒಂದನ್ನು ಕೊಕ್ಕೆಯಿಂದ ಬಿಡಿಸುವಾಗ ಅದು ಬಾಯಿ ತೆರೆಯಿತು. ಒಳಗಿನಿಂದ ಸಣ್ಣ ಸಣ್ಣ ಮರಿಗಳು, ಇಪ್ಪತ್ತೋ ಮೂವತ್ತೋ, ಮಾಮಾನ ಅಂಗೈ ಮೇಲೆ ಉದುರಿ ಮಿಡುಕತೊಡಗಿದವು. ಚಿಲಾಪಿಯ ತಾಯಿ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆಂದು ಓದಿದ್ದೆ. ನೋಡಿದ್ದು ಅದೇ ಮೊದಲು.

"ಇದಕ್ಕ ಮಿರಗಾನೂ ಬ್ಯಾಡ, ಹೊಸ ನೀರೂ ಬ್ಯಾಡ" ಎಂದ ಮಾಮಾ. "ನಿಂತ ನೀರಾಗ ಯಾವಾಗ ಬೇಕಾದ್ರೂ ಹಡೀತೈತಿ. ಬುಕ್ಕಿನ್ಯಾಗ ಇದನ್ನೂ ಬರಿ."

ಅಂಗೈಯನ್ನು ನೀರಿನೊಳಗೆ ಇಳಿಸಿ ಮರಿಗಳನ್ನು ಬಿಟ್ಟ. ತಾಯಿಯನ್ನು ಚೀಲಕ್ಕೆ ಹಾಕಿದ. ಆಮೇಲೆ ಗಾಳಕ್ಕೆ ಹಿಟ್ಟು ಹಚ್ಚುತ್ತ, ಮಳೆ ಈ ವರ್ಷ ಯಾವಾಗ ಅಂತ ರೇಡಿಯೋದವರು ಏನಂದಾರ ಎಂದು ಕೇಳಿದ.